ಪೇಷೆಂಟ್ ಯಾರು?

ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನ ಬಗ್ಗೆ ಯಾವ ಪಠ್ಯಪುಸ್ತಕ ತೆರೆದರೂ ಮೊದಲ ಪ್ಯಾರಾದಲ್ಲೇ ಒಂದು ಮಾತು ಸಿಗುತ್ತದೆ: ಇದು ವಯಸ್ಸಾದವರ ಕಾಯಿಲೆ. ಅಮೆರಿಕದ ಲೆಕ್ಕ ಹಿಡಿದರೆ, ಕಾಯಿಲೆ ಪತ್ತೆಯಾಗುವ ಹೊತ್ತಿಗೆ ರೋಗಿಗಳಲ್ಲಿ ಅರ್ಧದಷ್ಟು ಜನ 70ರ ಆಸುಪಾಸು ದಾಟಿರುತ್ತಾರೆ. ನಮ್ಮ ದೇಶದ ಆಸ್ಪತ್ರೆಗಳ ವರದಿಗಳಲ್ಲಿ ಆ ವಯಸ್ಸು ಸುಮಾರು ಹತ್ತು ವರ್ಷ ಕೆಳಗಿದೆ, ಆದರೂ ಐವತ್ತರ ಮೇಲೆಯೇ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ತಮ್ಮ ಹಳೆಯ ಕಡತಗಳನ್ನು ಜಾಲಾಡಿ, 40 ತುಂಬದ ಮೈಲೋಮಾ ರೋಗಿಗಳ ಬಗ್ಗೆ 1996ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರಿಗೆ ಸಿಕ್ಕಿದ್ದು 72 ಮಂದಿ. ಒಟ್ಟು ರೋಗಿಗಳಲ್ಲಿ ಅದು ಸುಮಾರು ನೂರಕ್ಕೆ ಎರಡು. 30 ತುಂಬದವರ ಲೆಕ್ಕ ಸಾವಿರಕ್ಕೆ ಮೂರು.

ನಮ್ಮ ಭಾವನಿಗೆ ಆಗ 33.

ಮುಂದಕ್ಕೆ ಹೋಗುವ ಮೊದಲು ನನಗೂ ಈ ಕೋಶಗಳಿಗೂ ಇರುವ ನಂಟು ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರತಿಕಾಯಗಳ ಮೇಲೆ ಪಿಎಚ್.ಡಿ ಮಾಡುತ್ತಿದ್ದೇನೆ. ಮೈಗೆ ಸೋಂಕು ತಗುಲಿದಾಗ ಬಿಳಿರಕ್ತಕಣಗಳ ಒಂದು ಜಾತಿ ಬಲಿತು ಪ್ಲಾಸ್ಮಾ ಕೋಶಗಳಾಗುತ್ತವೆ. ಇವುಗಳ ವಾಸ ಹೆಚ್ಚಾಗಿ ಮೂಳೆಯೊಳಗಿನ ಮಜ್ಜೆಯಲ್ಲಿ. ಕಸುಬು ಒಂದೇ, ಪ್ರತಿಕಾಯ ತಯಾರಿಸಿ ರಕ್ತಕ್ಕೆ ಬಿಡುವುದು. ಒಂದೊಂದು ಕೋಶ ಸೆಕೆಂಡಿಗೆ ಸಾವಿರಾರು ಅಣುಗಳನ್ನು ಹೊರಹಾಕುತ್ತದೆ. ಇಂಥ ಕೋಶಗಳಲ್ಲೊಂದು ಲಗಾಮು ಕಿತ್ತುಕೊಂಡು ತನ್ನಂಥವನ್ನೇ ಹುಟ್ಟಿಸುತ್ತ ಹೋದರೆ ಅದು ಮೈಲೋಮಾ. 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಇಲಿಯ ಮೈಲೋಮಾ ಕೋಶವನ್ನು ಸಾಧಾರಣ ಬಿ ಕೋಶದ ಜೊತೆ ಬೆಸೆದರು. ಹುಟ್ಟಿದ ಕೂಸು ಕ್ಯಾನ್ಸರಿನ ಹಾಗೆ ಸಾಯದೆ ಬೆಳೆಯುತ್ತಿತ್ತು, ಬಿ ಕೋಶದ ಹಾಗೆ ಬೇಕಾದ ಒಂದೇ ಪ್ರತಿಕಾಯ ಕೊಡುತ್ತಿತ್ತು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಮನೆಯಲ್ಲೇ ಮಾಡಿಕೊಳ್ಳುವ ಗರ್ಭ ಪರೀಕ್ಷೆಯ ಕಿಟ್, ಕೋವಿಡ್ ಕಾಲದ ಮೂಗಿನ ಕಡ್ಡಿ ಟೆಸ್ಟು, ಎಲ್ಲದರ ಹಿಂದೆಯೂ ಈ ವಿದ್ಯೆ ಇದೆ. ಇಲಿಯ ಮೈಲೋಮಾ ಕೋಶಗಳನ್ನು 37 ಡಿಗ್ರಿ ಶಾಖದಲ್ಲಿಟ್ಟು, ಎರಡು ಮೂರು ದಿನಕ್ಕೊಮ್ಮೆ ಅವುಗಳ ನೀರು ಬದಲಿಸಿ, ಭಾನುವಾರವೂ ಬಂದು ಅವು ಬದುಕಿವೆಯೇ ಎಂದು ನೋಡುವುದು ನನ್ನ ಕೆಲಸ.

ಮನೆಯವರಿಗೆ ಮಾತ್ರ ನಾನು ‘ಡಾಕ್ಟರ್ ಓದುತ್ತಿರುವವಳು’. ಪಿಎಚ್.ಡಿ ಮುಗಿದ ಮೇಲೆ ಹೆಸರಿನ ಹಿಂದೆ ಡಾ. ಬರುತ್ತದೆ ಎಂದು ಒಮ್ಮೆ ಅಪ್ಪನಿಗೆ ಹೇಳಿದ್ದೆ, ಅಷ್ಟು ಸಾಕಾಯಿತು. ನೆಂಟರಿಷ್ಟರ ಕೆಮ್ಮು ನೆಗಡಿಗೂ ಫೋನು ನನಗೇ ಬರುತ್ತದೆ.

ಭಾವ ತಿಪಟೂರು ಕಡೆ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ತೋಟದವರಿಂದ ಉಂಡೆ ಕೊಬ್ಬರಿ ಕೊಂಡು ಮಂಡಿಗೆ ಹಾಕುವುದು. ಮೂಟೆ ಎತ್ತಲು ಆಳುಗಳಿದ್ದರೂ ಸುಮ್ಮನೆ ನಿಲ್ಲುವ ಜಾಯಮಾನವಲ್ಲ. ಹಾಗಾಗಿ ಬೆನ್ನು ಹಿಡಿದುಕೊಂಡಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. “ಏನಿಲ್ಲ ಕಣಮ್ಮ, ಮೂಟೆ ಎತ್ತಿದ್ದಕ್ಕೆ ಉಳುಕಿದೆ” ಅಂದರು. ಅಕ್ಕ ಎಣ್ಣೆ ಕಾಯಿಸಿ ತಿಕ್ಕಿದಳು. ಪಕ್ಕದೂರಿಗೆ ಹೋಗಿ ಉಳುಕು ತೆಗೆಸಿದ್ದೂ ಆಯಿತು. ನಂತರ ನೋವಿನ ಮಾತ್ರೆ. ಅದು ನಾಲ್ಕು ತಿಂಗಳು ನಡೆಯಿತು. ಈ ನಡುವೆ ಅವರಿಗೆ ವಿಪರೀತ ಬಾಯಾರಿಕೆ, ಮಲಬದ್ಧತೆ. ಸಂಜೆ ಅಂಗಡಿಯಲ್ಲಿ ಕೂತಲ್ಲೇ ತೂಕಡಿಕೆ. ಮೂರಕ್ಕೂ ಮೂರು ಕಾರಣ ಸಿಕ್ಕಿದವು: ಬೇಸಿಗೆ, ಹೋಟೆಲ್ ಊಟ, ರಾತ್ರಿ ನಿದ್ದೆ ಇಲ್ಲದ್ದು. ಮೈಲೋಮಾ ಮೂಳೆಯ ಸುಣ್ಣವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತಿದ್ದರೆ ಆಗುವುದೂ ಇದೇ ಮೂರು.

ಕಡೆಗೆ ಎಂ.ಆರ್.ಐ ಆಯಿತು. ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದು ಒತ್ತಿಕೊಂಡಿತ್ತು. ಅಲ್ಲಿನ ವೈದ್ಯರು ಬೆನ್ನುಮೂಳೆಯ ಕ್ಷಯ ಎಂದು ತೀರ್ಮಾನಿಸಿ ಟಿ.ಬಿ. ಮಾತ್ರೆ ಶುರು ಮಾಡಿದರು. ತುಣುಕು ತೆಗೆದು ಪರೀಕ್ಷೆ ಮಾಡಲಿಲ್ಲ. ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಈ ದೇಶದಲ್ಲಿ 33 ವರ್ಷದವನೊಬ್ಬ ಬೆನ್ನುನೋವು, ತೂಕ ಇಳಿತ, ಕುಸಿದ ಬಿಲ್ಲೆ ಹೊತ್ತು ಬಂದರೆ ಹತ್ತರಲ್ಲಿ ಒಂಬತ್ತು ವೈದ್ಯರು ಮೊದಲು ನೆನೆಯುವುದು ಕ್ಷಯವನ್ನೇ, ಮತ್ತು ಬಹಳ ಸಲ ಅವರು ಸರಿಯಾಗಿಯೇ ಇರುತ್ತಾರೆ. ಅದೇ ಚಿತ್ರ 68 ವರ್ಷದವರದ್ದಾಗಿದ್ದರೆ ಅದೇ ವೈದ್ಯರು ಇನ್ನೊಂದು ಟೆಸ್ಟು ಬರೆಯುತ್ತಿದ್ದರು. ಎಂ.ಆರ್.ಐ ಫಿಲ್ಮಿನ ಮೂಲೆಯಲ್ಲಿ ಅಚ್ಚಾಗಿದ್ದ ವಯಸ್ಸನ್ನೂ ಅವರು ರೋಗಲಕ್ಷಣದ ಹಾಗೆಯೇ ಓದಿದರು.

ಮಾತ್ರೆ ಶುರುವಾದ ಮೇಲೆ ವಾಂತಿ ಹೆಚ್ಚಿತು. ಟಿ.ಬಿ. ಮಾತ್ರೆಗೆ ಹಾಗೆಲ್ಲ ಆಗುತ್ತದೆ ಎಂದರು, ಅದೂ ನಿಜವೇ. ಏಳನೆಯ ವಾರ ಮುಖ, ಕಾಲು ಊದಿಕೊಂಡವು. ಬೆಂಗಳೂರಿಗೆ ಕರೆತಂದಾಗ ಕ್ರಿಯಾಟಿನಿನ್ 5ರ ಹತ್ತಿರ. ಮೂತ್ರಪಿಂಡ ಸೋಲುತ್ತಿದೆ ಎಂದು ಅರ್ಥ.

ಇಲ್ಲಿ ಒಂದು ಸಣ್ಣ ಪಟ್ಟಿಯ ಕತೆ ಹೇಳಬೇಕು. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಡಿಪ್‌ಸ್ಟಿಕ್ಕನ್ನು ನೀವು ನೋಡಿರಬಹುದು. ಅದರಲ್ಲಿ ಪ್ರೋಟೀನಿಗೆಂದು ಒಂದು ಹಳದಿ ಚೌಕ ಇದೆ, ಪ್ರೋಟೀನ್ ಇದ್ದರೆ ಹಸಿರಾಗುತ್ತದೆ. ಭಾವನ ಪಟ್ಟಿ ಹೆಚ್ಚುಕಡಿಮೆ ಹಳದಿಯಾಗೇ ಉಳಿದಿತ್ತು. ಹಿಂದಿನ ಎರಡು ರಿಪೋರ್ಟಿನಲ್ಲೂ ‘ಪ್ರೋಟೀನ್: ಇಲ್ಲ’ ಎಂದೇ ಇತ್ತು. ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆಯೊಬ್ಬಳು, ನನಗಿಂತ ಚಿಕ್ಕವಳೇ ಇರಬೇಕು, ಅಷ್ಟಕ್ಕೆ ಬಿಡದೆ 24 ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿಸಿ ಬೇರೆ ವಿಧಾನದಲ್ಲಿ ಅಳೆಸಿದಳು. ದಿನಕ್ಕೆ 6 ಗ್ರಾಂ ಪ್ರೋಟೀನ್ ಹೋಗುತ್ತಿತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದು ಗುರುತಿಸುವುದು ಮುಖ್ಯವಾಗಿ ಆಲ್ಬುಮಿನ್ ಎಂಬ ಒಂದು ಪ್ರೋಟೀನನ್ನು. ಭಾವನ ಮೂತ್ರದಲ್ಲಿ ಇದ್ದದ್ದು ಬೇರೆ.

ಪ್ರತಿಕಾಯ ಎಂದರೆ ಎರಡು ದಪ್ಪ ಸರಪಳಿ, ಎರಡು ಸಣ್ಣ ಸರಪಳಿ ಕೂಡಿ ಆದ ಅಣು. ಮೈಲೋಮಾದ ಕೆಲವು ರೋಗಿಗಳಲ್ಲಿ ಕೋಶಗಳು ಸಣ್ಣ ಸರಪಳಿಯನ್ನಷ್ಟೇ ಕಡಿವಾಣವಿಲ್ಲದೆ ಉತ್ಪಾದಿಸುತ್ತವೆ. ಅವು ರಕ್ತದಲ್ಲಿ ನಿಲ್ಲದೆ ಮೂತ್ರಪಿಂಡಕ್ಕೆ ಸೋಸಿಹೋಗಿ ಅಲ್ಲಿನ ನಳಿಕೆಗಳಲ್ಲಿ ಗಟ್ಟಿಯಾಗಿ ಕೂರುತ್ತವೆ. ರಕ್ತದಲ್ಲಿ ನಿಲ್ಲದ ಕಾರಣ, ಮೈಲೋಮಾ ಎಂದರೆ ಎಲ್ಲರೂ ಹುಡುಕುವ ಸುಳಿವುಗಳು, ಅಂದರೆ ಏರಿದ ಒಟ್ಟು ಪ್ರೋಟೀನು, ನೂರು ದಾಟಿದ ಇ.ಎಸ್.ಆರ್, ಇವು ಇಲ್ಲದೆಯೂ ಇರಬಹುದು. ಭಾವನಿಗೆ ಇರಲಿಲ್ಲ. ತಿಂಗಳುಗಟ್ಟಲೆ ನುಂಗಿದ ನೋವಿನ ಮಾತ್ರೆ ಇಂಥ ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು.

ಆ ವಾರ ನಾನು ಈ ಸಣ್ಣ ಸರಪಳಿಯ ಇತಿಹಾಸ ಓದುತ್ತ ಕೂತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಮಾಡಲು ಬೇರೇನೂ ಇರಲಿಲ್ಲ. 1845ರ ನವೆಂಬರಿನಲ್ಲಿ ಲಂಡನ್ನಿನ ವೈದ್ಯ ಥಾಮಸ್ ವಾಟ್ಸನ್, ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನ ತಜ್ಞನಿಗೆ ಒಬ್ಬ ರೋಗಿಯ ಮೂತ್ರದ ನಳಿಕೆ ಕಳಿಸಿ, ಇದೇನು ಎಂದು ಕೇಳಿ ಚೀಟಿ ಬರೆದ. ರೋಗಿ 45ರ ಒಬ್ಬ ವ್ಯಾಪಾರಿ, ಹೆಸರು ಮೆಕ್‌ಬೀನ್. ಆ ಮೂತ್ರಕ್ಕೆ ಆಸಿಡ್ ಹಾಕಿ ಕಾಯಿಸಿದರೆ ತಿಳಿಯಾಗುತ್ತಿತ್ತು, ಆರಿದರೆ ಹೆಪ್ಪು ಹಾಕಿದ ಹಾಲಿನಂತೆ ಗಟ್ಟಿಯಾಗುತ್ತಿತ್ತು. ಬೆನ್ಸ್ ಜೋನ್ಸ್‌ಗೆ ಆಗ 31 ವರ್ಷ. ಅವನು ಅದನ್ನು ಪರೀಕ್ಷಿಸಿ, ಇದು ಪ್ರೋಟೀನು, ಮೂಳೆ ಮೆತ್ತಗಾಗುವ ಈ ಕಾಯಿಲೆಯಲ್ಲಿ ಇದನ್ನು ಹುಡುಕಬೇಕು ಎಂದ. ಆ ಪ್ರೋಟೀನಿಗೆ ಈಗಲೂ ಅವನದೇ ಹೆಸರು. ಅದು ಪ್ರತಿಕಾಯದ ಸಣ್ಣ ಸರಪಳಿಯೇ ಎಂದು ತೋರಿಸಲು 1962ರ ವರೆಗೆ ಕಾಯಬೇಕಾಯಿತು. ತೋರಿಸಿದವರು ಜೆರಾಲ್ಡ್ ಎಡೆಲ್ಮನ್ ಮತ್ತು ಅವರ ವಿದ್ಯಾರ್ಥಿ ಜೋಸೆಫ್ ಗ್ಯಾಲಿ. (ಗೈಡಿನ ಹೆಸರಿನ ಪಕ್ಕದಲ್ಲಿ ವಿದ್ಯಾರ್ಥಿಯ ಹೆಸರು ಉಳಿದ ಪ್ರಸಂಗಗಳನ್ನು ನಾವು ಸಂಶೋಧನಾ ವಿದ್ಯಾರ್ಥಿಗಳು ತಪ್ಪದೆ ಗಮನಿಸುತ್ತೇವೆ.)

ನನ್ನನ್ನು ತಡೆದು ನಿಲ್ಲಿಸಿದ್ದು ಮೆಕ್‌ಬೀನ್ ಅಲ್ಲ, ಅವನಿಗಿಂತ ಸ್ವಲ್ಪ ಮೊದಲಿನ ಸಾರಾ ನ್ಯೂಬರಿ. ಈ ಕಾಯಿಲೆಯ ಬಗ್ಗೆ ವಿವರವಾಗಿ ದಾಖಲಾದ ಮೊದಲ ರೋಗಿ ಆಕೆಯೇ ಎಂದು ವೈದ್ಯಕೀಯ ಇತಿಹಾಸಕಾರರು ಒಪ್ಪುತ್ತಾರೆ. ಲಂಡನ್ನಿನ ಗೃಹಿಣಿ. ಒಮ್ಮೆ ಬಗ್ಗಿದಾಗ ಬೆನ್ನಿನಲ್ಲಿ ಜೋರು ನೋವು ಕಾಣಿಸಿಕೊಂಡಿತು, ಅಲ್ಲಿಂದ ಶುರು. ನಾಲ್ಕು ವರ್ಷ ನರಳಿದಳು. ಒಂದು ದಿನ ಗಂಡ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಹಾಸಿಗೆಗೆ ಒಯ್ಯುವಾಗ ತೊಡೆಯ ಮೂಳೆಗಳು ಮುರಿದವು. ಆಮೇಲೆ ತೋಳು, ಕೊರಳೆಲುಬು. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕಿತ್ತಳೆ ಸಿಪ್ಪೆಯ ಕಷಾಯ, ರೂಬಾರ್ಬ್ ಗುಳಿಗೆ, ನೋವಿಗೆ ಅಫೀಮು ಕೊಟ್ಟರು. 1844ರ ಏಪ್ರಿಲಿನಲ್ಲಿ ತೀರಿಕೊಂಡಳು. ಸ್ಯಾಮ್ಯುಯೆಲ್ ಸೋಲಿ ಎಂಬ ಶಸ್ತ್ರವೈದ್ಯ ಆಕೆಯ ಮೂಳೆಗಳನ್ನು ತೆರೆದು ನೋಡಿ, ಒಳಗೆ ತುಂಬಿದ್ದ ಕೆಂಪು ಪದಾರ್ಥದ ಬಗ್ಗೆ ಬರೆದ.

ಸಾರಾಳ ವಯಸ್ಸು 39. ಮೇಯೋ ಕ್ಲಿನಿಕ್‌ನ ಪಟ್ಟಿಗೆ ಹಾಕಿದ್ದರೆ ಅವಳೂ ನೂರಕ್ಕೆ ಇಬ್ಬರಲ್ಲಿ ಒಬ್ಬಳು. ಅವಳ ಕಾಲಕ್ಕೆ ಇಂಥ ಅಂಕಿ ಅಂಶ ಇರಲಿಲ್ಲ, ಇದು ಯಾರ ಕಾಯಿಲೆ ಎಂಬ ನಂಬಿಕೆಯೂ ಹುಟ್ಟಿರಲಿಲ್ಲ. ವೈದ್ಯರು ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡರು. ಭಾವನ ವೈದ್ಯರ ಬಳಿ ಒಂದೂವರೆ ಶತಮಾನದ ಲೆಕ್ಕ ಇತ್ತು, ಆ ಲೆಕ್ಕ ಬಹಳ ಮಟ್ಟಿಗೆ ಸರಿಯಾದದ್ದೂ ಹೌದು. ಅದರ ಬಲದಿಂದಲೇ ಎಷ್ಟೋ ಮುದುಕರ ಮೈಲೋಮಾ ಬೇಗ ಪತ್ತೆಯಾಗಿದೆ. ಲೆಕ್ಕದ ಹೊರಗೆ ಬಿದ್ದವನ ಪಾಲಿಗೆ ಮಾತ್ರ ಅದೇ ಅಡ್ಡಗೋಡೆಯಾಯಿತು. ಇದಕ್ಕೆ ಏನು ಪರಿಹಾರ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಬೆನ್ನು ನೋವೆಂದ ಪ್ರತಿ ಹುಡುಗನಿಗೂ ಮಜ್ಜೆಗೆ ಸೂಜಿ ಹಾಕಲಾಗದು. ಆದರೆ ಮೂಳೆ ಕುಸಿದಿದೆ, ರಕ್ತ ಕಡಿಮೆಯಿದೆ, ಮೂತ್ರಪಿಂಡ ಸೋಲುತ್ತಿದೆ ಎಂದು ಮೂರು ಬೇರೆ ಬೇರೆ ಚೀಟಿಗಳಿದ್ದಾಗ ಅವನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಒಬ್ಬರು ಬೇಕು. ನಮಗೆ ಆ ರಾತ್ರಿ ಪಾಳಿಯ ಹುಡುಗಿ ಸಿಕ್ಕಳು.

ಈ ಕೋಶಗಳ ಕ್ಯಾನ್ಸರ್ ವೇಷ ಮರೆಸಿ ಬರುವ ಬಗೆಗಳನ್ನು ಓದುತ್ತ ಹೋದ ಹಾಗೆ, ಭಾವನದ್ದು ಅಷ್ಟೇನೂ ವಿಚಿತ್ರವಲ್ಲ ಅನ್ನಿಸತೊಡಗಿತು. ಒಮ್ಮೊಮ್ಮೆ ಗಡ್ಡೆ ಮೂಳೆಯಲ್ಲೇ ಇರುವುದಿಲ್ಲ. ಮೂಗಿನೊಳಗೆ, ಸೈನಸ್ಸಿನಲ್ಲಿ, ಗಂಟಲಲ್ಲಿ ಬೆಳೆಯುತ್ತದೆ. ರೋಗಿ ಕಟ್ಟಿದ ಮೂಗು, ಆಗಾಗ ಮೂಗಿನಿಂದ ರಕ್ತ ಎಂದು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಓಡಾಡುತ್ತಿರುತ್ತಾನೆ. ಇನ್ನು ಕೆಲವರಲ್ಲಿ ಸಣ್ಣ ಸರಪಳಿಗಳು ಅಮಿಲಾಯ್ಡ್ ಎಂಬ ನಾರಿನ ರೂಪ ತಾಳಿ ಅಂಗಾಂಗಗಳಲ್ಲಿ ಕೂರುತ್ತವೆ. ನಾಲಿಗೆ ದಪ್ಪವಾಗಿ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡುತ್ತದೆ, ಒಂದು ಜೋರು ಕೆಮ್ಮಿಗೆ ಕಣ್ಣಿನ ಸುತ್ತ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ, ಹೃದಯ ಬಿರುಸಾಗಿ ಸೋಲುತ್ತದೆ. ಪಾದ ಜೋಮು ಹಿಡಿದು, ಕಾಲಿನ ಬಲ ಹೋಗಿ, ಚರ್ಮ ಕಪ್ಪಾಗಿ, ಹಾರ್ಮೋನುಗಳೆಲ್ಲ ಏರುಪೇರಾಗುವ ಒಂದು ಬಗೆಯೂ ಇದೆ. ಅದರ ಲಕ್ಷಣಗಳ ಇಂಗ್ಲಿಷ್ ಮೊದಲಕ್ಷರ ಜೋಡಿಸಿ 1980ರಲ್ಲಿ ಅದಕ್ಕಿಟ್ಟ ಹೆಸರು ‘ಪೋಯೆಮ್ಸ್’. ಕಾಲೆಳೆದುಕೊಂಡು ನರರೋಗ ವಿಭಾಗದ ಮುಂದೆ ಕೂತವನಿಗೆ ನಿನಗಿರುವುದು ಕವಿತೆಗಳು ಎಂದು ಹೇಳಿದರೆ ಹೇಗಿರುತ್ತದೋ! ಕ್ಯಾನ್ಸರ್ ಎಲುಬಿಗೆ ಹರಡಿದೆಯೇ ಎಂದು ನೋಡುವ ಬೋನ್ ಸ್ಕ್ಯಾನು ಕೂಡ ಮೈಲೋಮಾದಲ್ಲಿ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಆ ಸ್ಕ್ಯಾನಿನಲ್ಲಿ ಬೆಳಗುವುದು ಹೊಸ ಮೂಳೆ ಕಟ್ಟುವ ಜಾಗ. ಮೈಲೋಮಾ ಮೂಳೆಯನ್ನು ತಿನ್ನುತ್ತದೆ, ಜೊತೆಗೆ ಕಟ್ಟುವವರ ಕೈಯನ್ನೂ ಕಟ್ಟಿಹಾಕುತ್ತದೆ.

ಮಜ್ಜೆಯ ಪರೀಕ್ಷೆ ಬಂತು. ಮೈಲೋಮಾ ಖಚಿತವಾಯಿತು. ಟಿ.ಬಿ. ಮಾತ್ರೆ ನಿಂತಿತು.

ಅಲ್ಲಿಂದ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗ. ಮೊದಲ ದಿನವೇ ಒಂದು ಪ್ರಸಂಗ. ಚೀಟಿ ಹಿಡಿದು ನಿಂತಿದ್ದ ಸಿಬ್ಬಂದಿ, ಕುರ್ಚಿಯಲ್ಲಿ ಕೂತಿದ್ದ ಭಾವನಿಗೆ, “ಪೇಷೆಂಟ್ ಯಾರು? ಅಟೆಂಡರ್ ಎಲ್ಲ ಹೊರಗೆ ಕೂರಬೇಕು, ವಯಸ್ಸಾದವರಿಗೆ ಸೀಟ್ ಬಿಡಿ” ಅಂದರು. ಭಾವ ಎದ್ದು ನಿಂತೇಬಿಟ್ಟರು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಗೋಡೆ ಹಿಡಿದು. ಅಕ್ಕ ಬಾಯಿ ತೆಗೆಯುವ ಮೊದಲೇ ಒಬ್ಬ ಅಜ್ಜ ಬಂದು ಕೂತಾಗಿತ್ತು. ಪಕ್ಕದಲ್ಲಿದ್ದವರು ಅಕ್ಕನನ್ನು ಕೇಳಿದರು, “ಯಾರಿಗಮ್ಮಾ, ಅಪ್ಪನಿಗಾ, ಮಾವನವರಿಗಾ?” ಮುಂದಿನ ಆರು ತಿಂಗಳು ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಯಿತು. ಒಮ್ಮೊಮ್ಮೆ ಸುಮ್ಮನೆ “ಹೂಂ” ಅಂದುಬಿಡುತ್ತಿದ್ದಳು. ರೋಗಿಗಳಿಗೆಂದು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ನರೆಗೂದಲಿನ ದಂಪತಿ ಪಾರ್ಕಿನ ಬೆಂಚಿನ ಮೇಲೆ ಕೂತು ನಗುತ್ತಿದ್ದರು. ಮೊಮ್ಮಕ್ಕಳನ್ನು ಎತ್ತಿಕೊಳ್ಳುವಾಗ ಬೆನ್ನಿನ ಬಗ್ಗೆ ಎಚ್ಚರ ಇರಲಿ ಎಂಬ ಸಲಹೆ ಇತ್ತು. ಅಕ್ಕನ ಮಗಳಿಗೆ ಆಗ ಎರಡು ವರ್ಷ. ಅಪ್ಪ ಯಾಕೆ ಎತ್ತಿಕೊಳ್ಳುವುದಿಲ್ಲ ಎಂದು ಅವಳಿಗೆ ಹೇಳುವುದು ಹೇಗೆಂದು ಆ ಪುಸ್ತಿಕೆಯಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ಅಕ್ಕನಿಗೆ ಯಾರೋ ಲೀಸಾ ರೇ ಹೆಸರು ಹೇಳಿದ್ದರು. ನಿಮಗೆ ನೆನಪಿರಬಹುದು, 2001ರ ‘ಯುವರಾಜ’ ಚಿತ್ರದಲ್ಲಿ ಶಿವರಾಜ್‌ಕುಮಾರ್ ಜೊತೆ ನಟಿಸಿದ್ದರು. ಆಮೇಲೆ ದೀಪಾ ಮೆಹ್ತಾ ಅವರ ‘ವಾಟರ್’. 2009ರಲ್ಲಿ, 37ನೆಯ ವಯಸ್ಸಿನಲ್ಲಿ, ಅವರಿಗೆ ಮೈಲೋಮಾ ಎಂದು ಗೊತ್ತಾಯಿತು. ಮುಚ್ಚಿಡದೆ ಹೇಳಿಕೊಂಡರು, ಕಾಂಡಕೋಶದ ಕಸಿ ಮಾಡಿಸಿಕೊಂಡರು, ಚಿಕಿತ್ಸೆಯ ಉದ್ದಕ್ಕೂ ಬರೆದರು. 2018ರಲ್ಲಿ ಬಾಡಿಗೆ ತಾಯ್ತನದ ಮೂಲಕ ಅವಳಿ ಹೆಣ್ಣುಮಕ್ಕಳಾದವು. ಅಕ್ಕ ಫೋನಿನಲ್ಲಿ ಅವರ ಹಳೆಯ, ಹೊಸ ಫೋಟೋಗಳನ್ನು ತಿರುವಿ ತಿರುವಿ ನೋಡುತ್ತಿದ್ದಳು. “ಇವರು ಹೆಂಗೆ ಚೆನ್ನಾಗವ್ರೆ ನೋಡೆ” ಎಂದು ನನಗೂ ತೋರಿಸಿದಳು. ಅವರ ಹಣಕ್ಕೂ ನಮ್ಮ ಹಣಕ್ಕೂ ಇರುವ ಅಂತರ ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಈ ಕಾಯಿಲೆಯ ಪಕ್ಕದಲ್ಲಿ ಅವಳು ಕಂಡ ಮೊದಲ ನರೆಯದ ತಲೆ ಅದು.

ಆ ಅವಳಿ ಮಕ್ಕಳ ಸುದ್ದಿ ಓದಿದಾಗಲೇ ನನಗೆ ಒಂದು ವಿಷಯ ಹೊಳೆದದ್ದು. ಭಾವನಿಗೆ ಮೊದಲ ವಾರ ಕೊಟ್ಟದ್ದು ಬೋರ್ಟೆಜೋಮಿಬ್ ಇಂಜೆಕ್ಷನ್ ಮತ್ತು ಸ್ಟೀರಾಯ್ಡ್. ಬೋರ್ಟೆಜೋಮಿಬ್ ಪ್ಲಾಸ್ಮಾ ಕೋಶದ ಕಸ ವಿಲೇವಾರಿಯನ್ನು ತಡೆಯುವ ಮದ್ದು. ದಿನವಿಡೀ ಪ್ರೋಟೀನು ತಯಾರಿಸುವ ಕೋಶ ತನ್ನ ಕಸದಲ್ಲೇ ಉಸಿರುಕಟ್ಟಿ ಸಾಯುತ್ತದೆ. ಮುಂದಿನ ವಾರದಿಂದ ಸೈಕ್ಲೋಫಾಸ್ಫಮೈಡ್, ಕೆಲವು ತಿಂಗಳ ನಂತರ ಕಸಿಗೆ ಮುಂಚೆ ಮೆಲ್ಫಲಾನ್. ಈ ಎರಡೂ ಗಂಡಸಿನ ವೀರ್ಯಾಣುಗಳನ್ನು ಇಲ್ಲವಾಗಿಸಬಹುದು. ಮುಂಚೆಯೇ ತೆಗೆದು ಶೈತ್ಯದಲ್ಲಿಡಬೇಕು. 65 ದಾಟಿದವರ ನಡುವೆ ಬೆಳೆದ ವಿಭಾಗ, ಯಾರೂ ಈ ಮಾತು ಎತ್ತಿರಲಿಲ್ಲ.

ನಾನು ಹೆಂಡತಿಯ ತಂಗಿ. ಭಾವನ ಹತ್ತಿರ ಈ ಮಾತು ಆಡುವುದು ಹೇಗೆ? ಅಕ್ಕನನ್ನು ಕ್ಯಾಂಟೀನಿಗೆ ಕರೆದೊಯ್ದು, ಕಾಫಿ ಆರುವ ತನಕ ಅದೂ ಇದೂ ಮಾತಾಡಿ, ಕೊನೆಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. “ಇರೋದೇ ಹೋಗ್ತಾ ಇರುವಾಗ ಇದೆಲ್ಲ ಯಾಕೆ ಬೇಕೇ” ಅಂದಳು. ಸ್ವಲ್ಪ ತಡೆದು, “ಒಂದು ಗಂಡಾಗಲಿ ಅಂತ ಅತ್ತೆಗೆ ಆಸೆ ಇತ್ತು” ಅಂದಳು. ಇನ್ನೂ ಸ್ವಲ್ಪ ತಡೆದು, “ಅತ್ತೆಗಲ್ಲ, ನನಗೂ ಇತ್ತು. ಗಂಡು ಅಂತಲ್ಲ, ಇನ್ನೊಂದು.” ಹೋಗುತ್ತಿದೆ ಎಂದು ಅವಳು ಅಂದುಕೊಂಡಿದ್ದು ಗಂಡನ ಪ್ರಾಣ. ಹೋಗುತ್ತಿಲ್ಲ, ಈ ಕಾಯಿಲೆಯಲ್ಲಿ ಚಿಕ್ಕ ವಯಸ್ಸಿನವರು ವಯಸ್ಸಾದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ, ಪೂರ್ತಿ ವಾಸಿಯಾಗದಿದ್ದರೂ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು ಎಂದು ನಾನು ಹೇಳಿದೆ. ಅದಕ್ಕೇ ಈ ಏರ್ಪಾಡು ಎಂದೂ ಹೇಳಿದೆ. ಕ್ಯಾನ್ಸರ್ ಎಂದ ಮೇಲೆ ಹತ್ತು ವರ್ಷ ಮುಂದಿನ ಮಾತನ್ನು ಅವಳ ಜೊತೆ ಆಡಿದವರಲ್ಲಿ ನಾನೇ ಮೊದಲಿಗಳಿರಬೇಕು.

ಡಾಕ್ಟರನ್ನು ಕೇಳಿದಾಗ ಅವರು ತಡಮಾಡದೆ ಚೀಟಿ ಬರೆದುಕೊಟ್ಟರು, ಒಳ್ಳೆಯ ಪ್ರಶ್ನೆ ಎಂದರು. ಭಾವ ಮತ್ತು ಅಕ್ಕ ಆಟೋ ಮಾಡಿಕೊಂಡು ಹೋಗಿಬಂದರು. ವರ್ಷ ವರ್ಷ ಬಾಡಿಗೆ ಕಟ್ಟಬೇಕು ಎಂದು ತಿಳಿದ ಮೇಲೆ ಭಾವ ಅಕ್ಕನಿಗೆ ಹೇಳಿದರಂತೆ, “ಇದೊಳ್ಳೆ ಅಟ್ಟದ ಮೇಲೆ ಕಾಯಿ ಹಾಕಿಟ್ಟಂಗೆ ಆಯ್ತಲ್ಲೇ.” ನಮ್ಮ ಕಡೆ ಉಂಡೆ ಕೊಬ್ಬರಿಗೆ ತೆಂಗಿನಕಾಯನ್ನು ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಬಿಡುತ್ತಾರೆ, ನೀರೆಲ್ಲ ಇಂಗಿ ಒಳಗೆ ಕೊಬ್ಬರಿ ಕಳಚಿಕೊಳ್ಳುವ ತನಕ. ಅಲುಗಾಡಿಸಿದರೆ ಗುಡುಗುಡು ಸದ್ದು ಬರಬೇಕು. ಈ ಮಾತನ್ನು ಅಕ್ಕ ನನಗೆ ಹೇಳುವಾಗ ನಾಚಿಕೆಗೆ ಸೆರಗು ಬಾಯಿಗೆ ಹಿಡಿದಿದ್ದಳು. ಆ ಮೂರು ತಿಂಗಳಲ್ಲಿ ಅವಳು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ.

ಈ ಕಾಯಿಲೆಯ ಮದ್ದಿನ ಕತೆಯೇ ಚಿಕ್ಕ ವಯಸ್ಸಿನ ಒಬ್ಬ ರೋಗಿಯಿಂದ ತಿರುವು ಪಡೆದದ್ದು. ಥ್ಯಾಲಿಡೋಮೈಡ್ ಹೆಸರು ಕೇಳಿರುತ್ತೀರಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಗೆ, ಬಸುರಿಯರ ವಾಕರಿಕೆಗೆ ಎಂದು ಬಂದ ಮಾತ್ರೆ. ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ ಮೇಲೆ 1961ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. 1997ರಲ್ಲಿ ನ್ಯೂಯಾರ್ಕಿನ ಒಬ್ಬ ಯುವ ಹೃದ್ರೋಗ ತಜ್ಞ ಮೈಲೋಮಾದಿಂದ ಸಾಯುತ್ತಿದ್ದ. ಎಲ್ಲ ಚಿಕಿತ್ಸೆ ಮುಗಿದಿತ್ತು. ಅವನ ಹೆಂಡತಿ ಸುಮ್ಮನೆ ಕೂರದೆ ಕಂಡ ಕಂಡ ವಿಜ್ಞಾನಿಗಳಿಗೆಲ್ಲ ಫೋನು ಮಾಡಿದಳು. ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಬಗ್ಗೆ ಕೆಲಸ ಮಾಡುತ್ತಿದ್ದ ಬಾಸ್ಟನ್ನಿನ ಜೂಡಾ ಫೋಕ್‌ಮನ್, ಥ್ಯಾಲಿಡೋಮೈಡ್ ಕೊಟ್ಟು ನೋಡಬಹುದು ಎಂದರು. ಅರ್ಕಾನ್ಸಾಸ್‌ನ ವೈದ್ಯ ಬಾರ್ಟ್ ಬಾರ್ಲೋಗಿಯನ್ನು ಅವಳೇ ಒಪ್ಪಿಸಿದಳು. ಗಂಡನಿಗೆ ಅದು ಕೆಲಸ ಮಾಡಲಿಲ್ಲ, 1998ರಲ್ಲಿ ತೀರಿಕೊಂಡ. ಆದರೆ ಅಲ್ಲೇ ಇದ್ದ ಇನ್ನೊಬ್ಬ ರೋಗಿಗೆ ಕೊಟ್ಟಾಗ ಅವನು ಚೇತರಿಸಿಕೊಂಡ. 84 ಜನರ ಮೇಲೆ ನಡೆದ ಪ್ರಯೋಗದಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಗುಣ ಕಂಡಿತು, 1999ರಲ್ಲಿ ಅದು ಪ್ರಕಟವಾಯಿತು. ಥ್ಯಾಲಿಡೋಮೈಡಿನ ತಮ್ಮನಂಥ ಲೆನಾಲಿಡೋಮೈಡ್ ಈಗ ಭಾವ ನುಂಗುವ ಮಾತ್ರೆ. ನಮ್ಮ ದೇಶದ ಕಂಪನಿಗಳೇ ತಯಾರಿಸುವುದರಿಂದ ಮಧ್ಯಮ ವರ್ಗದವರ ಕೈಗೆ ಎಟುಕುತ್ತದೆ. ಡಬ್ಬಿಯ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಇದೆ. ಅಕ್ಕ ಅದನ್ನು ದೇವರ ಕೋಣೆಯ ಮೇಲಿನ ಗೂಡಿನಲ್ಲಿ, ಮಗಳ ಕೈಗೆ ಸಿಗದ ಹಾಗೆ ಇಡುತ್ತಾಳೆ.

ಕಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಯಾಲಿಸಿಸ್ ತಪ್ಪಿತು, ಮೂತ್ರಪಿಂಡ ಅರೆಬರೆ ಚೇತರಿಸಿಕೊಂಡಿತು, ಆದ್ದರಿಂದ ಮೆಲ್ಫಲಾನನ್ನು ಕಡಿಮೆ ಅಳತೆಯಲ್ಲಿ ಕೊಟ್ಟರು. ಅದು ರಕ್ತಕ್ಕೆ ಇಳಿಯುವಾಗ ಬಾಯಿ ಹುಣ್ಣಾಗದಿರಲೆಂದು ಮಂಜುಗಡ್ಡೆ ಚೂರು ಚೀಪಿಸುತ್ತಾರೆ, ಬಾಯಿಯ ರಕ್ತನಾಳ ಕುಗ್ಗಿ ಮದ್ದು ಅಲ್ಲಿಗೆ ಹೆಚ್ಚು ತಲುಪದಿರಲೆಂದು. ಗಾಜಿನ ಆಚೆಯಿಂದ ಭಾವ ಕೈಸನ್ನೆ ಮಾಡಿ, ಜಾತ್ರೆಯ ಐಸ್‌ಕ್ಯಾಂಡಿ ಎಂದು ತೋರಿಸಿದರು. ಅದಾಗಿ ಹತ್ತು ದಿನ ಅವರು ಯಾವ ಸನ್ನೆಯನ್ನೂ ಮಾಡಲಿಲ್ಲ.

ನಾನು ಲ್ಯಾಬಿಗೆ ವಾಪಸಾದೆ. ನಾನಿಲ್ಲದಾಗ ಜೂನಿಯರ್ ನನ್ನ ಕೋಶಗಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗೆ, ಹೊಳೆಯುತ್ತ, ಜೋಡಿ ಜೋಡಿಯಾಗಿ ಒಡೆಯುತ್ತಿದ್ದವು. ಮುಂಚೆ ಇಂಥ ಫ್ಲಾಸ್ಕ್ ಕಂಡರೆ ಖುಷಿಯಾಗುತ್ತಿತ್ತು. ಅವನ್ನು ಈಗಲೂ ಸಾಕುತ್ತಿದ್ದೇನೆ, ಅವುಗಳಿಂದ ಬರುವ ಪ್ರತಿಕಾಯ ನನಗೆ ಬೇಕು. ಮೈಲೋಮಾ ಕೋಶಗಳ ಮೈಮೇಲಿನ ಗುರುತು ಹಿಡಿದು ಕೊಲ್ಲುವ ದಾರಾಟುಮುಮಾಬ್ ಎಂಬ ಮದ್ದು 2015ರಲ್ಲಿ ಬಂತು. ಅದೂ ಒಂದು ಪ್ರತಿಕಾಯವೇ. ಭಾವನ ಕಾಯಿಲೆ ಮರುಕಳಿಸಿದರೆ ಅದನ್ನು ಕೊಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮರುಕಳಿಸಿದರೆ ಎಂದರು. ನಾನು ಓದಿದ ಮಟ್ಟಿಗೆ ‘ಮರುಕಳಿಸಿದಾಗ’ ಎನ್ನಬೇಕಿತ್ತು, ಅಕ್ಕ ಜೊತೆಗಿದ್ದಳು ಅಂತ ಅವರು ಹಾಗೆ ಅಂದಿರಬೇಕು. ನಾನೂ ತಿದ್ದಲು ಹೋಗಲಿಲ್ಲ.

ಭಾವ ಈಗ ಅಂಗಡಿಗೆ ಹೋಗುತ್ತಾರೆ. ತೂಕದ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಲೆಕ್ಕ ಬರೆಯುತ್ತಾರೆ, ಮೂಟೆ ಮುಟ್ಟುವಂತಿಲ್ಲ. ಸಣ್ಣ ಸರಪಳಿಯ ರಿಪೋರ್ಟು ಬಂದಾಗೆಲ್ಲ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಕಳೆದ ಮಂಗಳವಾರವೂ ಬಂತು. ಲ್ಯಾಂಬ್ಡಾ, ಕಪ್ಪಾ, ಎರಡರ ಅನುಪಾತ ನೋಡಿದೆ. ಹೋದ ಸಲದಷ್ಟೇ ಇದೆ ಭಾವ, ಚೆನ್ನಾಗಿದೆ ಎಂದು ಬರೆದೆ. ಎರಡು ನೀಲಿ ಗೆರೆ ಬಿತ್ತು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಸರಿ ಕಣಮ್ಮ. ಕೊಬ್ಬರಿ ರೇಟು ಏರೈತೆ, ಅಪ್ಪಂಗೆ ಹೇಳು ಈಗಲೇ ಮಾರೋದು ಬೇಡ ಅಂತ.”